ಮನೆಯ ಡಿಜೈರ್‌ಗೆ ಜಾವಾ ಬಣ್ಣ: ಪ್ರದರ್ಶನಕ್ಕೂ ನಿಲ್ಲಬೇಕು, ಊರಿಗೂ ಹೋಗಬೇಕು

ಯಾದವಗಿರಿ ಡಿಜೈರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2013ರ ಮಾರುತಿ ಸ್ವಿಫ್ಟ್ ಡಿಜೈರ್, ವಿಎಕ್ಸ್‌ಐ ಪೆಟ್ರೋಲ್, ಬಿಳಿ ಬಣ್ಣ, ಕೆಎ-09 ನೋಂದಣಿ. ಕೊಂಡಾಗಿನಿಂದ ನಮ್ಮ ಕೈಯಲ್ಲೇ ಇದೆ. ಅಪ್ಪ, ಅಮ್ಮ, ಪತ್ನಿ, ಶಾಲೆಗೆ ಹೋಗುವ ಮಗಳು, ಎಲ್ಲರೂ ಇದರಲ್ಲೇ ಓಡಾಡುತ್ತೇವೆ. ನಾಗಮಂಗಲದ ಕಡೆಯ ನಮ್ಮ ಊರಿನಿಂದ ಹಿಂದಿರುಗುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿಯೋ ರಾಗಿ ಮೂಟೆಯೋ ಇಲ್ಲದೆ ಬಂದದ್ದಿಲ್ಲ. ಹೊಸ ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದಿತ್ತು. ಆದರೆ ಎಂಜಿನ್ ಗಟ್ಟಿಯಾಗಿದೆ, ಕಾರಿನ ಮೈಗೆ ತುಕ್ಕು ಹಿಡಿದಿಲ್ಲ. ಆ ಹಣದಲ್ಲಿ ಒಂದು ಪಾಲನ್ನು, ಹೆಚ್ಚೆಂದರೆ ಎರಡು ಲಕ್ಷ ರೂಪಾಯಿಯನ್ನು, ಇದೇ ಕಾರಿಗೆ ಹಾಕಿ, ಪ್ರದರ್ಶನದಲ್ಲಿ ನಿಲ್ಲಿಸಿದರೆ ಜನ ತಿರುಗಿ ನೋಡುವಂತೆ ಮಾಡಬೇಕೆಂದು ನಿರ್ಧರಿಸಿದ್ದೇನೆ.

ನನ್ನ ಯೋಜನೆಗೆ ಒಂದು ಹಿನ್ನೆಲೆಯಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟರ್ ಸೈಕಲ್‌ಗಳನ್ನು ತಯಾರಿಸಿತು; ನಮ್ಮ ತಂದೆಯವರು ಅದರ ಕೊನೆಯ ವರ್ಷಗಳಲ್ಲಿ ಅಲ್ಲಿ ಕೆಲಸಕ್ಕಿದ್ದರು. ಅವರ ಹಳೆಯ ಜಾವಾ ಇಂದಿಗೂ ಮನೆಯಲ್ಲಿದೆ. ಅದರ ಕಡುಗೆಂಪು ಬಣ್ಣವನ್ನೂ ಪೆಟ್ರೋಲ್ ಟ್ಯಾಂಕಿನ ಮೇಲಿನ ಚಿನ್ನದ ಗೆರೆಯನ್ನೂ ಕಾರಿಗೆ ತರಬೇಕೆಂಬುದೇ ಮೂಲ ಆಲೋಚನೆ. ಡ್ಯಾಶ್‌ಬೋರ್ಡಿನ ಪಟ್ಟಿಗೆ ಮೈಸೂರಿನ ಬೀಟೆ ಮರದ ಕೆತ್ತುಜೋಡಣೆಯ (ಇನ್‌ಲೇ) ಕೆಲಸ, ಗೇರ್ ಗುಂಡಿಗೆ ಚನ್ನಪಟ್ಟಣದ ಅರಗಿನ ಕೆಲಸ, ದೊಡ್ಡ ಚಕ್ರ, ಒಳ್ಳೆಯ ಧ್ವನಿವ್ಯವಸ್ಥೆ, ಇಷ್ಟು ಪಟ್ಟಿಯಲ್ಲಿವೆ.

ಮನೆಯವರ ಷರತ್ತುಗಳೂ ಇವೆ. ಐದು ಜನರ ಆಸನ ಹಾಗೆಯೇ ಉಳಿಯಬೇಕು, ಡಿಕ್ಕಿಯ ಜಾಗ ಹೋಗಕೂಡದು, ಮಂಡಿ ನೋವಿರುವ ಅಮ್ಮನಿಗೆ ಈಗಿನಷ್ಟೇ ಸುಲಭವಾಗಿ ಹತ್ತಿ ಇಳಿಯಲು ಆಗಬೇಕು. ಬಣ್ಣ ಹೊಡೆಸುವುದು ಲೇಸೋ ವಿನೈಲ್ ಹಾಳೆ ಸುತ್ತಿಸುವುದು ಲೇಸೋ, ಚಕ್ರ ಎಷ್ಟು ದೊಡ್ಡದಾಗಬಹುದು, ಆರ್‌ಟಿಒ ಕಚೇರಿಯಲ್ಲಿ ಏನೇನು ಕೇಳುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಬನ್ನಿಮಂಟಪದ ಟಿಂಕರ್

ನಾನು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದಲ್ಲೇ ಇರುವವನು. ಆದ್ದರಿಂದ ಬಣ್ಣದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಹಾಳೆ ಸುತ್ತಿಸುವುದನ್ನು ನಾನು ಅಲ್ಲಗಳೆಯುವುದಿಲ್ಲ. ಬೇಡವೆನಿಸಿದಾಗ ಬಿಸಿಗಾಳಿ ಹಾಯಿಸಿ ತೆಗೆದರೆ ಕೆಳಗಿನ ಬಿಳಿ ಬಣ್ಣ ಹಾಗೆಯೇ ಸಿಗುತ್ತದೆ. ಆದರೆ ಅದರಲ್ಲಿ ಎರಡು ಜಾತಿಯಿವೆ. ಕ್ಯಾಸ್ಟ್ ವಿನೈಲ್ ಸುಮಾರು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ತೆಳ್ಳಗಿದ್ದು ಬಂಪರಿನ ತಿರುವುಗಳಲ್ಲಿಯೂ ಕೂರುತ್ತದೆ; ಅದಕ್ಕಿಂತ ದಪ್ಪನಾದ, ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಕಾಲಕ್ರಮೇಣ ಕುಗ್ಗಿ ಅಂಚುಗಳಲ್ಲಿ ಏಳುತ್ತದೆ, ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಮೇಲೆ ತೆಗೆಯಲು ಹೋದರೆ ಅಂಟು ಬಾಡಿಯ ಮೇಲೆಯೇ ಉಳಿಯುತ್ತದೆ. ನಮ್ಮಲ್ಲಿ ಕಡಿಮೆ ದರಕ್ಕೆ ಹಾಕಿಕೊಡುವವರು ಹೆಚ್ಚಾಗಿ ಹಾಕುವುದು ಎರಡನೆಯದನ್ನೇ.

ನಿಮ್ಮ ಆಲೋಚನೆಗೆ ಹಾಳೆ ಹೊಂದುವುದಿಲ್ಲ ಎಂಬುದಕ್ಕೆ ಬೇರೆಯೇ ಕಾರಣವಿದೆ. ಬಿಳಿ ಕಾರಿಗೆ ಕಡುಗೆಂಪು ಹಾಳೆ ಸುತ್ತಿದರೆ ಬಾಗಿಲು ತೆರೆದಾಗಲೆಲ್ಲ ಒಳಗಿನ ಚೌಕಟ್ಟು ಬೆಳ್ಳಗೆ ಕಾಣುತ್ತದೆ. ರಸ್ತೆಯಲ್ಲಿ ಓಡುವ ಕಾರಿನಲ್ಲಿ ಅದು ದೊಡ್ಡ ವಿಷಯವಲ್ಲ. ನಾಲ್ಕು ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವನ್ನೂ ತೆರೆದಿಟ್ಟು ನಿಲ್ಲಿಸುವ ಪ್ರದರ್ಶನದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಹಾಗಾಗಿ ಬಣ್ಣವನ್ನೇ ಹೊಡೆಸಿ, ಆದರೆ ಪೂರ್ತಿಯಾಗಿ ಹೊಡೆಸಿ. ಬಾಗಿಲಿನ ರಬ್ಬರ್, ಹಿಡಿ, ದೀಪಗಳು, ಬಂಪರ್, ಗಾಜಿನ ಸುತ್ತಲಿನ ಪಟ್ಟಿ ಎಲ್ಲವನ್ನೂ ಬಿಚ್ಚಬೇಕು. ಟೇಪ್ ಅಂಟಿಸಿ ಸುತ್ತ ಹೊಡೆದುಕೊಡುತ್ತೇವೆ ಎಂದವರ ಮಾತಿಗೆ ಒಪ್ಪಬೇಡಿ. ಟೇಪಿನ ಅಂಚಿನಲ್ಲಿ ಬಣ್ಣ ಮೆಟ್ಟಿಲಿನಂತೆ ನಿಂತು, ಒಂದೆರಡು ಮಳೆಗಾಲ ಕಳೆದ ಮೇಲೆ ಅಲ್ಲಿಂದಲೇ ಸಿಪ್ಪೆ ಏಳಲು ತೊಡಗುತ್ತದೆ.

ಕೆಲಸ ಒಪ್ಪಿಸುವ ಮುನ್ನ ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುವ ಉಪಕರಣವನ್ನು ಎಲ್ಲಿಂದಾದರೂ ತಂದು ಕಾರಿನ ಮೇಲೆ ಇಡಿಸಿ. ಕಾರ್ಖಾನೆಯ ಬಣ್ಣವಾದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಎಲ್ಲಿಯಾದರೂ ಅದು ಇದ್ದಕ್ಕಿದ್ದಂತೆ ನಾಲ್ಕೈದು ಪಟ್ಟು ಏರಿದರೆ ಅಲ್ಲಿ ಡೆಂಟು ತುಂಬಲು ಮೆತ್ತಿದ ಹಳೆಯ ಪುಟ್ಟಿ ಇದೆ ಎಂದರ್ಥ. ಅದರ ಮೇಲೆಯೇ ಹೊಸ ಬಣ್ಣ ಹೊಡೆಯದೆ ತಗಡಿನವರೆಗೆ ಕೆರೆದು, ಪ್ರೈಮರ್‌ನಿಂದ ಆರಂಭಿಸಬೇಕು. ಕಡುಗೆಂಪಿನಂಥ ಗಾಢ ಬಣ್ಣ ತಗಡಿನ ಸಣ್ಣ ಅಲೆಯನ್ನೂ ಎತ್ತಿ ತೋರಿಸುತ್ತದೆ. ಬಿಳಿ ಬಣ್ಣ ಇಷ್ಟು ವರ್ಷ ಮುಚ್ಚಿಟ್ಟ ಡೆಂಟುಗಳೆಲ್ಲ ಈಗ ಹೊರಬೀಳುತ್ತವೆ. ಆದ್ದರಿಂದ ನಿಮ್ಮ ಹಣದಲ್ಲಿ ದೊಡ್ಡ ಪಾಲು ಬಣ್ಣದ ಡಬ್ಬಿಗಲ್ಲ, ಅದಕ್ಕೆ ಮೊದಲಿನ ಉಜ್ಜುವ ಕೆಲಸಕ್ಕೆ ಹೋಗುತ್ತದೆ ಎಂದು ತಿಳಿದುಕೊಳ್ಳಿ.

ಕೆಎ-11 ಹುಡುಗ (ಮಂಡ್ಯ)

ಅಣ್ಣ, ಯೋಜನೆ ಬಹಳ ಚೆನ್ನಾಗಿದೆ, ಬಣ್ಣದ ಆಲೋಚನೆಯಂತೂ ಯಾರೂ ಮಾಡಿಲ್ಲ. ಆದರೆ ಕಾರು ಈಗಿರುವ ಎತ್ತರದಲ್ಲೇ ನಿಂತರೆ ಎಷ್ಟು ಬಣ್ಣ ಬಳಿದರೂ ಬಾಡಿಗೆ ಟ್ಯಾಕ್ಸಿಯಂತೆಯೇ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಖರ್ಚಿಲ್ಲದೆ ಕಾರು ತಗ್ಗುತ್ತದೆ. ನಮ್ಮ ಕಡೆ ಹಲವರು ಹೀಗೆಯೇ ಮಾಡಿಕೊಂಡಿದ್ದಾರೆ. 17 ಇಂಚಿನ ಚಕ್ರ, ಗಾಜಿಗೆ ಕಪ್ಪು ಫಿಲ್ಮ್, ಸ್ವಲ್ಪ ಗಡಸು ಶಬ್ದದ ಸೈಲೆನ್ಸರ್ ಹಾಕಿಸಿ. ಜಾವಾದ ಬಣ್ಣ ತಂದ ಮೇಲೆ ಜಾವಾದ ಸದ್ದೂ ಬೇಕಲ್ಲವೇ?

ಕಲಂ 52 (ಕುವೆಂಪುನಗರ)

ಮೇಲಿನ ಸಹೋದರರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಆದರೆ ಅವರು ಹೇಳಿದ್ದರಲ್ಲಿ ಬಹುಪಾಲು ನೇರವಾಗಿ ದಂಡಕ್ಕೆ ದಾರಿ ಮಾಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ವಿಧಿಸಬಹುದು. ಗದ್ದಲದ ಸೈಲೆನ್ಸರ್‌ಗೆ 190ನೇ ಕಲಂ ಬೇರೆಯೇ ಇದೆ. ಅಲ್ಲಿ ದಂಡ 10,000 ರೂಪಾಯಿವರೆಗೆ ಹೋಗುತ್ತದೆ. ಗಾಜಿನ ವಿಷಯದಲ್ಲಿ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70 ಶೇಕಡ, ಪಕ್ಕದವು ಕನಿಷ್ಠ 50 ಶೇಕಡ ಬೆಳಕನ್ನು ಒಳಬಿಡಬೇಕೆಂಬ ನಿಯಮವಿದೆ. ಕಪ್ಪು ಫಿಲ್ಮಿನ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2012ರ ಏಪ್ರಿಲ್‌ನಲ್ಲಿ.

ಇನ್ನು ಬಣ್ಣ. ಬಣ್ಣ ಬದಲಿಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಆರ್‌ಸಿಯಲ್ಲಿ ಬಣ್ಣದ ಉಲ್ಲೇಖವಿರುವುದರಿಂದ ಮೊದಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು, ಕೆಲಸ ಮುಗಿದ 14 ದಿನಗಳ ಒಳಗೆ ವರದಿ ಮಾಡಿ, ಆರ್‌ಸಿಯಲ್ಲಿ ಹೊಸ ಬಣ್ಣವನ್ನು ನಮೂದಿಸಿಕೊಳ್ಳಬೇಕು. ನಿಮ್ಮದು ಕೆಎ-09 ಆದ್ದರಿಂದ ಮೈಸೂರು ಪಶ್ಚಿಮದ ಕಚೇರಿಗೆ ಹೋಗಬೇಕಾಗುತ್ತದೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಹೆಚ್ಚುವರಿಯಾಗಿ ಹಾಕಿಸುವ ವಿದ್ಯುತ್ ಉಪಕರಣಗಳನ್ನು ಅವುಗಳ ಬೆಲೆಯ 4 ಶೇಕಡ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಅವಕಾಶವಿದೆ. ಹಾಗೆ ಸೇರಿಸದೆ ಇಟ್ಟ ಆಂಪ್ಲಿಫೈಯರ್ ಕಳುವಾದರೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ.

ಯಾರೂ ಗಮನಿಸದ ಇನ್ನೊಂದು ವಿಷಯವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಿಮ್ಮದು 2028ಕ್ಕೆ. ಆಗ ಕಾರನ್ನು ತಪಾಸಣೆಗೆ ಒಪ್ಪಿಸಿ, ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ) ಪಡೆದು, ಮುಂದಿನ 5 ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಬೀದಿಯಲ್ಲಿ ಪೊಲೀಸರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡ ಮಾರ್ಪಾಡುಗಳೆಲ್ಲ ಅಂದು ಇನ್ಸ್‌ಪೆಕ್ಟರರ ಮುಂದೆ ನಿಲ್ಲುತ್ತವೆ. ಈಗ ಮಾಡಿಸುವ ಪ್ರತಿಯೊಂದು ಕೆಲಸಕ್ಕೂ ಆ ದಿನವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಬಿಚ್ಚಿದ ಮೂಲ ಬಿಡಿಭಾಗಗಳಲ್ಲಿ ಒಂದನ್ನೂ ಗುಜರಿಗೆ ಹಾಕಬೇಡಿ.

ಕೆಎ-11 ಹುಡುಗ (ಮಂಡ್ಯ)

ಸರ್, ಫಿಲ್ಮ್ ಮತ್ತು ಸೈಲೆನ್ಸರ್ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಎತ್ತರ ಹಾಗೆಯೇ, ಸದ್ದು ಹಾಗೆಯೇ, ಆಸನ ಹಾಗೆಯೇ ಎಂದರೆ ಅದು ಬಣ್ಣ ಹೊಡೆಸಿದ ಕಾರೇ ಹೊರತು ಪ್ರದರ್ಶನದ ಕಾರು ಹೇಗಾದೀತು? ಕಾಲೇಜುಗಳ ವಾಹನ ಪ್ರದರ್ಶನಗಳಲ್ಲಿ ಜನ ಮುತ್ತಿಕೊಳ್ಳುವುದು ನೆಲಕ್ಕೆ ತಾಗುವಂತೆ ನಿಂತ ಕಾರುಗಳನ್ನೇ. ಕತ್ತರಿಸುವುದು ತಪ್ಪಾದರೆ ಸರಿಯಾದ ವಿಧಾನದಲ್ಲಿ ಸ್ವಲ್ಪವಾದರೂ ತಗ್ಗಿಸಲು ಸಾಧ್ಯವಿಲ್ಲವೇ?

ಹೆಬ್ಬಾಳದ ಲೇತ್

ಪ್ರಶ್ನೆ ನ್ಯಾಯವಾಗಿದೆ, ಲೆಕ್ಕದಿಂದಲೇ ಉತ್ತರಿಸುತ್ತೇನೆ. ಸ್ಪ್ರಿಂಗಿನ ಬಿಗಿತ ಅದರಲ್ಲಿ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. 6 ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದ 5 ಸುತ್ತುಗಳ ಸ್ಪ್ರಿಂಗ್ ಮೊದಲಿಗಿಂತ 20 ಶೇಕಡ ಗಡಸಾಗುತ್ತದೆ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಹಳೆಯ ಬಿಗಿತಕ್ಕೆ ಹೊಂದಿಸಿದ್ದೇ ಆಗಿರುತ್ತದೆ. ಹೀಗಾಗಿ ಕಾರು ಕುಣಿಯುತ್ತದೆ, ಡ್ಯಾಂಪರಿನ ಸೀಲು ಬೇಗ ಸೋರುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಸುತ್ತಿನ ತುದಿ ಕೂರುವ ತಟ್ಟೆ ಕಾರ್ಖಾನೆಯ ತುದಿಯ ಆಕಾರಕ್ಕೆ ಮಾಡಿದ್ದು. ಗ್ರೈಂಡರಿನಲ್ಲಿ ಕೊಯ್ದ ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗಿಳಿದು ಸ್ಪ್ರಿಂಗ್ ಸಡಿಲವಾದಾಗ ಅದು ಜಾಗ ತಪ್ಪಬಹುದು. ಖರ್ಚಿಲ್ಲದ ವಿಧಾನ ಎನ್ನುವುದು ಹೀಗಿದೆ.

ಡ್ಯಾಂಪರಿಗೆ ಹೊಂದುವ ತಗ್ಗು ಸ್ಪ್ರಿಂಗುಗಳನ್ನು ಹಾಕಿ 30 ಮಿಲಿಮೀಟರ್ ಇಳಿಸಿದರೆ ಏನಾಗುತ್ತದೆ ನೋಡೋಣ. ಈ ಡಿಜೈರ್‌ನ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 170 ಮಿಲಿಮೀಟರ್; ಅದು 140 ಆಗುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಡಿಜೈರ್‌ನ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ) 2,430 ಮಿಲಿಮೀಟರ್ ಆದ್ದರಿಂದ ಎರಡೂ ಅಚ್ಚುಗಳು ಆ ಕಮಾನಿನ ಮೇಲಿರುವಾಗ ನಡುವಿನ ನೆಲ ಸುಮಾರು 43 ಮಿಲಿಮೀಟರ್ ಮಾತ್ರ ಮೇಲೇಳುತ್ತದೆ. ಅಂದರೆ ನಿಯಮದಂತೆ ಕಟ್ಟಿದ ಉಬ್ಬು ತಗ್ಗಿಸಿದ ಕಾರಿಗೂ ತಗಲುವುದಿಲ್ಲ. ಆದರೆ ನಾಗಮಂಗಲದ ದಾರಿಯಲ್ಲಿ ಅಂಥ ಉಬ್ಬನ್ನು ಎಲ್ಲಿ ಹುಡುಕುವುದು? ನಮ್ಮ ಊರುಗಳಲ್ಲಿರುವುದು ಒಂದಡಿ ಅಗಲದಲ್ಲಿ ಡಾಂಬರು ಗುಡ್ಡೆ ಹಾಕಿದ ಉಬ್ಬುಗಳು. ಐದು ಜನ ಕೂತು, ಡಿಕ್ಕಿಯಲ್ಲಿ ಮೂಟೆಯಿದ್ದಾಗ ಕಾರಿನ ಹಿಂಭಾಗ ತಾನಾಗಿಯೇ ಇನ್ನಷ್ಟು ತಗ್ಗಿರುತ್ತದೆ. ಹೊಟ್ಟೆ ಉಜ್ಜುವುದು ಅಲ್ಲಿ. ಮಂಡಿ ನೋವಿನ ತಾಯಿಯವರಿಗೆ ಆಸನ ಎಷ್ಟು ತಗ್ಗಾಗುತ್ತದೋ ಏಳುವುದು ಅಷ್ಟು ಕಷ್ಟ ಎಂಬುದನ್ನೂ ಸೇರಿಸಿದರೆ, ಈ ಕಾರನ್ನು ತಗ್ಗಿಸುವುದು ಬೇಡವೆಂದೇ ನನ್ನ ಅಭಿಪ್ರಾಯ.

ತಗ್ಗಿದಂತೆ ಕಾಣುವುದಕ್ಕೆ ಬೇರೆ ದಾರಿಯಿದೆ. ಚಕ್ರದ ಕಮಾನಿನೊಳಗೆ ಕಾಣುವ ಖಾಲಿ ಜಾಗವೇ ಕಾರನ್ನು ಎತ್ತರವಾಗಿ ತೋರಿಸುವುದು. ಅಲಾಯ್ (ಮಿಶ್ರಲೋಹದ ಚಕ್ರ) ದೊಡ್ಡದಾಗಿ ಟೈರಿನ ಗೋಡೆ ಕಿರಿದಾದಾಗ ಕಣ್ಣು ಆ ಖಾಲಿಯನ್ನು ಗಮನಿಸುವುದು ಕಡಿಮೆಯಾಗುತ್ತದೆ. ನಿಮ್ಮ ವಿಎಕ್ಸ್‌ಐಗೆ ಬರುವ 165/80 ಆರ್14 (ಅಗಲ 165 ಮಿಲಿಮೀಟರ್, ಗೋಡೆ ಅಗಲದ 80 ಶೇಕಡ, ರಿಮ್ಮು 14 ಇಂಚು) ಟೈರಿನ ಹೊರವ್ಯಾಸ 619.6 ಮಿಲಿಮೀಟರ್. ಮೇಲ್ಮಟ್ಟದ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟ 185/65 ಆರ್15ರದು 621.5. 195/55 ಆರ್16 ಹಾಕಿದರೆ 620.9. ಮೂರರಲ್ಲೂ ವ್ಯತ್ಯಾಸ ಎರಡು ಮಿಲಿಮೀಟರ್ ಒಳಗೇ ಇರುವುದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಆದರೆ ಟೈರಿನ ಗೋಡೆ 132ರಿಂದ 120ಕ್ಕೆ, ಅಲ್ಲಿಂದ 107ಕ್ಕೆ ಇಳಿಯುತ್ತದೆ. ಮಳೆಗಾಲದ ಗುಂಡಿಗಳಲ್ಲಿ ರಿಮ್ಮನ್ನು ಕಾಯುವುದು ಆ ಗೋಡೆಯೇ. 17 ಇಂಚು ಈ ಕಾರಿಗೆ ಬೇಡ. 15 ಇಂಚಿನದು ಕಂಪನಿಯೇ ಇದೇ ಕಾರಿಗೆ ಕೊಟ್ಟ ಅಳತೆಯಾದ್ದರಿಂದ ತಪಾಸಣೆಯಲ್ಲೂ ಸಮರ್ಥಿಸಿಕೊಳ್ಳಲು ಸುಲಭ. ನನ್ನ ಮತ ಅದಕ್ಕೇ.

ಅಲಾಯ್ ಕೊಳ್ಳುವಾಗ 4x100 ಬೋಲ್ಟ್ ಅಳತೆ (100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್) ಹೊಂದಿದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಸಾಲದು. ಈ ಕಾರಿನ ಹಬ್ಬಿನ (ಚಕ್ರದ ನಡುರಂಧ್ರ ಕೂರುವ ಗುಂಬದ) ವ್ಯಾಸ 54.1 ಮಿಲಿಮೀಟರ್. ಮಾರುಕಟ್ಟೆಯ ಅಲಾಯ್‌ಗಳ ನಡುವಿನ ರಂಧ್ರ ಬಹುತೇಕ ಅದಕ್ಕಿಂತ ದೊಡ್ಡದಾಗಿರುತ್ತದೆ. ಆ ಸಂದಿಗೆ ಸರಿಯಾದ ಬಳೆ ಹಾಕದಿದ್ದರೆ ಚಕ್ರವನ್ನು ನಡುವಿಗೆ ಹಿಡಿಯುವ ಕೆಲಸವೆಲ್ಲ ನಟ್ಟುಗಳ ಮೇಲೆ ಬಿದ್ದು, ವೇಗದಲ್ಲಿ ಸ್ಟಿಯರಿಂಗ್ ನಡುಗತೊಡಗುತ್ತದೆ. ಎಷ್ಟೋ ಜನ ಇದನ್ನು ಬ್ಯಾಲೆನ್ಸಿಂಗ್ ದೋಷವೆಂದುಕೊಂಡು ಟೈರ್ ಅಂಗಡಿಗೆ ಅಲೆಯುತ್ತಾರೆ. ಬಳೆಯನ್ನು ಲೇತಿನಲ್ಲಿ ಅಲ್ಯೂಮಿನಿಯಂನಿಂದ ಕಡೆಸಿಕೊಳ್ಳಬಹುದು. ಹೆಬ್ಬಾಳ, ಮೇಟಗಳ್ಳಿ ಕಡೆ ಅದೇನೂ ದೊಡ್ಡ ಕೆಲಸವಲ್ಲ. ಚಕ್ರ ಹೊರಗೆ ಚಾಚಲೆಂದು ಸ್ಪೇಸರ್ ಮಾತ್ರ ಹಾಕಿಸಬೇಡಿ.

ಮದ್ದೂರಿನ ಚಾಲಕಿ

ಇಷ್ಟು ಹೊತ್ತು ಹೊರಗಿನ ಮಾತೇ ಆಯಿತು. ಮನೆಯವರು ದಿನವೂ ಕಾಣುವುದು ಒಳಗನ್ನು. ನಾನು ವ್ಯಾಗನ್‌ಆರ್ ಓಡಿಸುವವಳು, ಮಕ್ಕಳನ್ನು ಶಾಲೆಗೆ ಬಿಡುವವಳು. ಅಷ್ಟರ ಅನುಭವದಲ್ಲಿ ಎರಡು ವಿಷಯ ಹೇಳುತ್ತೇನೆ.

ಆಸನಕ್ಕೆ ಹೊಸ ಹೊದಿಕೆ ಹೊಲಿಸುವಾಗ ಹಿಂದಿನ ಸೀಟಿನ ಬೆಲ್ಟ್ ಬಕಲ್‌ಗಳು ಕೆಳಗೆ ಹೂತುಹೋಗುವಂತೆ ಹೊಲಿಯುವುದು ನಮ್ಮಲ್ಲಿ ಸಾಮಾನ್ಯ. ನೋಡಲು ಸೀಟು ನುಣುಪಾಗಿ ಕಾಣುತ್ತದೆ, ಬೆಲ್ಟ್ ಹಾಕುವವರಿರುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದಿದ್ದರೆ 1,000 ರೂಪಾಯಿ ದಂಡವೆಂಬುದು ಒಂದು ಕಡೆಯಿರಲಿ, ನಿಮ್ಮ ಮಗಳು ಕೂರುವುದು ಅಲ್ಲಿಯೇ. ಹೊಲಿಯುವವರ ಪಕ್ಕದಲ್ಲಿ ನಿಂತು, ಮೂರು ಬಕಲ್‌ಗಳಿಗೂ ತೂತು ಬಿಡಿಸಿ, ತೂತಿನ ಅಂಚಿಗೆ ಚಿನ್ನದ ಬಣ್ಣದ ದಾರದ ಹೊಲಿಗೆ ಹಾಕಿಸಿ. ನಿಮ್ಮ ಹೊರಗಿನ ಗೆರೆ ಒಳಗೂ ಬಂದಂತಾಗುತ್ತದೆ. ಕಡುಗೆಂಪು ರೆಕ್ಸಿನ್ ಬೇಡ, ಬೇಸಿಗೆಯಲ್ಲಿ ಕೂರಲಾಗುವುದಿಲ್ಲ. ಬಟ್ಟೆಯ ನಡುಭಾಗ, ರೆಕ್ಸಿನ್ ಅಂಚು ಸಾಕು.

ಇನ್ನು ಬೀಟೆ ಮರ. ಆಲೋಚನೆ ಸೊಗಸಾಗಿದೆ. ಆದರೆ ಗಟ್ಟಿ ಹಲಗೆಯನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿದರೆ ಅಪಘಾತದಲ್ಲಿ ಅದು ಸೀಳಿ ಚೂಪಾದ ಅಂಚು ಮುಂದಿನವರ ಎದುರಿಗೇ ನಿಲ್ಲುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಅದರ ಮುಚ್ಚಳದ ಮೇಲೆ ಏನನ್ನೂ ಅಂಟಿಸುವಂತೆಯೇ ಇಲ್ಲ.

ಯಾದವಗಿರಿ ಡಿಜೈರ್ (ಮೈಸೂರು)

ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಹಾಗಾಗಿ ಮುಚ್ಚಳದ ತೊಡಕಿಲ್ಲ, ಆದರೆ ನೀವು ಹೇಳಿದ ಸೀಳಿನ ಅಪಾಯ ಅದರಿಂದಲೇ ಇನ್ನೂ ಹೆಚ್ಚು. ಮರವನ್ನು ಡ್ಯಾಶ್‌ಬೋರ್ಡಿನಿಂದ ಕೈಬಿಟ್ಟಿದ್ದೇನೆ. ನಾಲ್ಕು ಬಾಗಿಲುಗಳ ಒಳಗಿನ ಹಿಡಿಯ ಬಳಿ ಕಿಟಕಿಯ ಗುಂಡಿಗಳಿರುವ ಚಿಕ್ಕ ಪಟ್ಟಿಗೆ, ಈಗಿರುವ ಪ್ಲಾಸ್ಟಿಕ್ಕಿನ ಮೇಲೆಯೇ ತೆಳುವಾದ ಬೀಟೆ ಪದರವನ್ನು ಅಂಟಿಸುವ ಬಗ್ಗೆ ಕೆತ್ತುಜೋಡಣೆಯ ಕುಶಲಕರ್ಮಿಯೊಬ್ಬರ ಬಳಿ ಮಾತನಾಡಿದೆ. ಬೀಟೆಯ ಕಪ್ಪು ನೆಲದಲ್ಲಿ ತಿಳಿ ಬಣ್ಣದ ಮರದ ಎಳೆಗಳನ್ನು ಕೂರಿಸಿ ಜಾವಾ ಚಕ್ರದ ಕಡ್ಡಿಗಳಂತೆ ಮಾಡಿಕೊಡಲು ಒಪ್ಪಿದ್ದಾರೆ. ಮಾದರಿಯ ತುಂಡೊಂದನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು, ಪದರ ಏಳುವುದೋ ಇಲ್ಲವೋ ನೋಡಿಯೇ ಮುಂದುವರಿಯುತ್ತೇವೆ.

ಗೇರ್ ಗುಂಡಿಯ ವಿಷಯದಲ್ಲಿ ಇದೇ ಅಂಜಿಕೆಯಿದೆ. ಚನ್ನಪಟ್ಟಣದ ಕೆಲಸದಲ್ಲಿ ಹಾಲೆ ಮರವನ್ನು ಕಡೆಯುವಾಗ ಉಜ್ಜುವಿಕೆಯ ಬಿಸಿಯಲ್ಲಿ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಗೆ ಕರಗಿ ಹತ್ತಿದ್ದು ಮುಚ್ಚಿದ ಕಾರಿನ ಬಿಸಿಯಲ್ಲಿ ಮೆತ್ತಗಾಗಿ ಅಂಗೈಗೆ ಅಂಟೀತು ಎಂದು ಅಪ್ಪ ಹೇಳುತ್ತಾರೆ. ಅವರ ಮಾತು ಸರಿಯೆಂದೇ ತೋರುತ್ತದೆ. ಮೇಲುಭಾಗ ಬೀಟೆ, ಕುತ್ತಿಗೆಯಲ್ಲಿ ಮಾತ್ರ ಅರಗಿನ ಒಂದು ಕೆಂಪು ಬಳೆ ಇಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಧ್ವನಿವ್ಯವಸ್ಥೆ ಮತ್ತು ಹೆಡ್‌ಲೈಟಿನ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ. ಡಿಕ್ಕಿ ಇರುವುದೇ 316 ಲೀಟರ್. ಅದರಲ್ಲಿ ಸಬ್‌ವೂಫರ್ ಪೆಟ್ಟಿಗೆಗೆ ಜಾಗ ಕೊಡಲಾರೆ.

ಫ್ಯೂಸ್ (ಸರಸ್ವತಿಪುರಂ)

ಪೆಟ್ಟಿಗೆಗಿಂತ ಮೊದಲು ಬಾಗಿಲು. ಒಳಪಟ್ಟಿಯನ್ನು ಬಿಚ್ಚಿ ತಗಡಿಗೆ ರಬ್ಬರಿನಂಥ ಬ್ಯೂಟೈಲ್ ಹಾಳೆ ಅಂಟಿಸಿದರೆ ತಗಡಿನ ನಡುಕ ನಿಂತು, ಸಾಧಾರಣ ಸ್ಪೀಕರಿನಿಂದಲೂ ಗಂಭೀರ ಸ್ವರ ಬರುತ್ತದೆ. ಬಾಗಿಲು ಮುಚ್ಚುವ ಸದ್ದು ಕೂಡ ದೊಡ್ಡ ಕಾರಿನದರಂತಾಗುತ್ತದೆ. ಹಾಳೆ ಅಂಟಿಸುವಾಗ ಬಾಗಿಲಿನ ತಳದ ನೀರಿಳಿಯುವ ತೂತುಗಳನ್ನು ಮುಚ್ಚಕೂಡದು. ಸಬ್‌ವೂಫರ್ ಬೇಕೇ ಬೇಕೆಂದರೆ ಸೀಟಿನ ಅಡಿಯಲ್ಲಿ ಕೂರುವಂಥದ್ದು ಸಾಕು.

ನಾಲ್ಕು ಚಾನೆಲ್‌ಗಳ, ತಲಾ 75 ವ್ಯಾಟ್ ಶಕ್ತಿಯ ಡಿ ವರ್ಗದ (ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ) ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬ್ಯಾಟರಿಯಿಂದಲೇ ನೇರ ತಂತಿ ಬೇಕು, ಆ ತಂತಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಬೇಕು. ಫ್ಯೂಸನ್ನು ಆಂಪ್ಲಿಫೈಯರಿನ ಬಳಿ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಎಂಜಿನ್ ಗೋಡೆಯ ತೂತಿನಲ್ಲಿ ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿದರೆ ಆ ಫ್ಯೂಸಿಗೆ ಸುದ್ದಿಯೇ ತಿಳಿಯುವುದಿಲ್ಲ, ಅಷ್ಟರಲ್ಲಿ ತಂತಿ ಹೊತ್ತಿಕೊಂಡಿರುತ್ತದೆ. ತೂತಿಗೆ ರಬ್ಬರ್ ಬಳೆ ಹಾಕುವುದನ್ನೂ ಮರೆಯಬಾರದು. ಕಂಪನಿಯ ತಂತಿಗಳನ್ನು ಎಲ್ಲಿಯೂ ಕತ್ತರಿಸದೆ ಕಪ್ಲರ್ (ಸಿಕ್ಕಿಸಿ ಬಿಚ್ಚುವ ಜೋಡಕ) ಮೂಲಕವೇ ಜೋಡಿಸಿದರೆ ಯಾವಾಗ ಬೇಕಾದರೂ ಹಳೆಯ ಸ್ಥಿತಿಗೆ ತರಬಹುದು.

ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ನಿಮ್ಮ ದೀಪದ ಪ್ರತಿಫಲಕವನ್ನು 60/55 ವ್ಯಾಟಿನ ಎಚ್4 ಹ್ಯಾಲೊಜನ್ ತಂತುವಿನ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಬೆಳಕಿನ ಮೂಲ ಚೂರು ಆಚೀಚೆಯಾದರೂ ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಬೀಳುತ್ತದೆ. ಹಳದಿಯಾದ ಗಾಜನ್ನು ಉಜ್ಜಿ ಹೊಳಪು ಮಾಡಿಸಿ, ರಿಲೇ ಹಾಕಿದ ಹಾರ್ನೆಸ್ (ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ದೀಪಕ್ಕೆ ಒಯ್ಯುವ ತಂತಿಗಳ ಕಟ್ಟು) ಜೋಡಿಸಿದರೆ ಅದೇ ಬಲ್ಬಿನ ಬೆಳಕು ಎಷ್ಟು ಹೆಚ್ಚುವುದೆಂದು ನೀವೇ ನೋಡುವಿರಿ.

ಹಳೇ ಟ್ಯಾಂಕ್ (ಯಾದವಗಿರಿ)

ನಾನು ಜಾವಾ, ಯೆಜ್ಡಿ ಬೈಕುಗಳನ್ನು ಮರಳಿ ಕಟ್ಟುವವನು. ಮಂಡ್ಯದ ತಮ್ಮ ಕೇಳಿದ ಪ್ರಶ್ನೆಗೆ ನನ್ನದೊಂದು ಉತ್ತರವಿದೆ. ಕಾಲೇಜು ಪ್ರದರ್ಶನದಲ್ಲಿ ಜನ ಮುತ್ತಿಕೊಳ್ಳುವುದು ಒಂದು, ಕೆಲಸ ಬಲ್ಲವರು ಕಾರಿನ ಪಕ್ಕದಲ್ಲಿ ಹೊತ್ತು ಕಳೆಯುವುದು ಇನ್ನೊಂದು. ಬಲ್ಲವರು ಬಾನೆಟ್ ಮತ್ತು ಫೆಂಡರ್ ನಡುವಿನ ಸಂದಿ ಎರಡೂ ಕಡೆ ಒಂದೇ ಸಮವಾಗಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ, ಬಾನೆಟ್ ಎತ್ತಿ ತಂತಿಗಳು ಹೇಗೆ ಓಡಿವೆ ನೋಡುತ್ತಾರೆ, ಬಾಗಿಲಿನ ಕೀಲಿನ ಹಿಂದೆ ಬಣ್ಣ ತಲುಪಿದೆಯೇ ಎಂದು ಬಗ್ಗಿ ನೋಡುತ್ತಾರೆ. ದಸರೆಯ ದಿನಗಳಲ್ಲಿ ಹಳೆಯ ಕಾರುಗಳು ಸೇರಿದಾಗಲೋ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯದಲ್ಲೋ ನಿಂತು ನೋಡಿದರೆ ಇದು ಗೊತ್ತಾಗುತ್ತದೆ: ಅಲ್ಲಿ ಯಾವ ಕಾರನ್ನೂ ಯಾರೂ ತಗ್ಗಿಸಿಲ್ಲ.

ಇನ್ನು ಚಿನ್ನದ ಗೆರೆ. ಅದನ್ನು ಸ್ಟಿಕ್ಕರಿನಲ್ಲಿ ಮಾಡಿಸಿದರೆ ಇಡೀ ಯೋಜನೆ ಅಲ್ಲಿಗೇ ಮುಗಿಯಿತು. ಕೈಯಿಂದ ಎಳೆದ ಗೆರೆಯಲ್ಲಿ ಕುಂಚ ಊರಿದ ಕಡೆ ತುಸು ದಪ್ಪ, ಎತ್ತುವ ಕಡೆ ತುಸು ಸಪೂರ ಇರುತ್ತದೆ. ಜಾವಾ ಟ್ಯಾಂಕಿನ ಜೀವವೇ ಅದು. ಉದ್ದ ಕೂದಲಿನ ಕುಂಚದಲ್ಲಿ, ಬೆರಳುಗಳನ್ನು ಬಿಗಿಹಿಡಿದು, ತೋಳನ್ನೂ ಹೆಜ್ಜೆಯನ್ನೂ ಒಟ್ಟಿಗೆ ಹಿಂದಕ್ಕೆ ಸರಿಸುತ್ತ ಎಳೆಯಬೇಕು. ಟ್ಯಾಂಕ್ ಚಿಕ್ಕದು, ಕೂತು ಎಳೆಯಬಹುದು. 3,995 ಮಿಲಿಮೀಟರ್ ಉದ್ದದ ಕಾರಿಗೆ ನಡೆಯುತ್ತಲೇ ಎಳೆಯಬೇಕಾಗುತ್ತದೆ. ಹಾಗೆ ಎಳೆಯಬಲ್ಲ ಹಳೆಯ ಕೈಗಳು ಊರಿನಲ್ಲಿ ಇನ್ನೂ ಒಂದೆರಡಿವೆ. ಬಾಡಿಯ ಪಕ್ಕದಲ್ಲಿ ಈಗಾಗಲೇ ಇರುವ ಮಡಿಕೆಗೆ ಬೆರಳಗಲ ಕೆಳಗೆ ಗೆರೆ ಓಡಿಸಿದರೆ ಆ ಮಡಿಕೆಯೇ ಕೈಗೆ ದಾರಿಯಾಗುತ್ತದೆ. ಎನಾಮೆಲ್‌ಗೆ ಗಟ್ಟಿಕಾರಕ ಬೆರೆಸದೆ ಗೆರೆ ಎಳೆದು ಅದರ ಮೇಲೆ 2ಕೆ ಕ್ಲಿಯರ್ (ಗಟ್ಟಿಕಾರಕ ಬೆರೆಸಿದ ಪಾರದರ್ಶಕ ಮೇಲ್ಪದರ) ಹೊಡೆದರೆ ಗೆರೆ ಸುಕ್ಕುಗಟ್ಟುವ ಅಪಾಯವಿದೆ. ಬಣ್ಣದವರೂ ಗೆರೆಯವರೂ ಮೊದಲೇ ಕೂತು ಮಾತನಾಡಿಕೊಂಡು, ಒಂದು ತಗಡಿನ ತುಂಡಿನ ಮೇಲೆ ಪರೀಕ್ಷಿಸಿಕೊಳ್ಳಲಿ.

ಕೆಎ-11 ಹುಡುಗ (ಮಂಡ್ಯ)

ಗೆರೆಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಸರ್. ತಗ್ಗಿದ ಕಾರೇ ಚೆಂದವೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ನನ್ನ ಸ್ವಂತ ಕಾರಿನ ವಿಷಯವಾಗಿ ಇರಲಿ. ಯಾದವಗಿರಿ ಅಣ್ಣನ ಕಾರಿಗೆ 15 ಇಂಚಿನ ಚಕ್ರವಾದರೆ ಕಡ್ಡಿಗಳು ಬಹಳವಿರುವ ಸಾದಾ ವಿನ್ಯಾಸವನ್ನು ಆರಿಸಿ, ಬೆಳ್ಳಿ ಬಣ್ಣವನ್ನೇ ಉಳಿಸಿಕೊಳ್ಳಲಿ. ಕಪ್ಪು ಅಲಾಯ್ ಕಡುಗೆಂಪಿನ ಜೊತೆ ದೂರದಿಂದ ಕಾಣುವುದೇ ಇಲ್ಲ.

ಯಾದವಗಿರಿ ಡಿಜೈರ್ (ಮೈಸೂರು)

ಚಕ್ರದ ಬಣ್ಣದ ಸಲಹೆಯನ್ನು ಒಪ್ಪಿಕೊಂಡೆ, ತಮ್ಮ. ನೀವೆಲ್ಲ ಬರೆದದ್ದನ್ನು ಓದಿದ ಮೇಲೆ ಕೆಲಸದ ಅನುಕ್ರಮವನ್ನೇ ತಿರುವಿಹಾಕಿದ್ದೇನೆ. ಮೊದಲು ಚಕ್ರ ಕೊಳ್ಳುವ ಆತುರವಿತ್ತು. ಈಗ ಮೊದಲು ಬಣ್ಣ ಬದಲಾವಣೆಯ ಒಪ್ಪಿಗೆಗೆ ಅರ್ಜಿ, ಆಮೇಲೆ ಟಿಂಕರಿಂಗ್ ಮತ್ತು ಬಣ್ಣ, ಬಾಗಿಲಿನ ಒಳಪಟ್ಟಿಗಳು ಹೇಗೂ ಬಿಚ್ಚಿರುವಾಗಲೇ ಬ್ಯೂಟೈಲ್ ಹಾಳೆ ಮತ್ತು ತಂತಿ, ನಂತರ ಗೆರೆ, ಕೊನೆಯಲ್ಲಿ ಆಸನ ಮತ್ತು ಚಕ್ರ. ಎತ್ತರ, ಸೈಲೆನ್ಸರ್, ಗಾಜು ಇದ್ದ ಹಾಗೆಯೇ ಇರುತ್ತವೆ. ಬನ್ನಿಮಂಟಪದ ಅಣ್ಣನವರಿಗೆ ಒಂದು ಪ್ರಶ್ನೆ: ಮಳೆಗಾಲದಲ್ಲಿ ಬಣ್ಣ ಹೊಡೆಸಬಹುದೇ, ಇಲ್ಲ ಕಾಯಬೇಕೇ? ಗೆರೆ ಬಾಗಿಲಿನ ಸಂದಿಯಲ್ಲಿ ಹೇಗೆ ನಿಲ್ಲಬೇಕು ಎಂಬುದನ್ನೂ ತಿಳಿಸಿ.

ಬನ್ನಿಮಂಟಪದ ಟಿಂಕರ್

ಬಿಸಿ ಮಾಡುವ ಮುಚ್ಚಿದ ಬೂತ್ ಇದ್ದರೆ ಮಳೆಗಾಲದಲ್ಲೂ ಹೊಡೆಸಬಹುದು. ತೆರೆದ ಶೆಡ್ಡಿನಲ್ಲಾದರೆ ದಸರೆ ಕಳೆಯಲಿ. ಗಾಳಿಯಲ್ಲಿ ತೇವವಿದ್ದಾಗ ಹೊಡೆದ ಕ್ಲಿಯರ್ ಮಂಕಾಗುತ್ತದೆ, ಗಾಢ ಬಣ್ಣದಲ್ಲಿ ಆ ಮಂಕು ಎದ್ದು ಕಾಣುತ್ತದೆ. ಗೆರೆಯನ್ನು ಬಾಗಿಲುಗಳೆಲ್ಲ ಮುಚ್ಚಿರುವಾಗ ಒಂದೇ ಓಟದಲ್ಲಿ ಎಳೆಸಿ, ತಕ್ಷಣ ಬಾಗಿಲು ತೆರೆದು ಸಂದಿಯ ಅಂಚಿನಿಂದ ಒಳಕ್ಕೆ ಎರಡು ಮೂರು ಮಿಲಿಮೀಟರ್ ತಿರುಗಿಸಿ ನಿಲ್ಲಿಸಲು ಹೇಳಿ. ಅಂಚಿನ ಮೇಲೆಯೇ ನಿಂತ ಗೆರೆ ಬಾಗಿಲು ತೆಗೆದು ಹಾಕುವಾಗ ಬೆರಳು ತಾಗಿ ಅಲ್ಲಿಂದಲೇ ಅಳಿಯುತ್ತದೆ. ಅರ್ಜಿ ಹಾಕಿ ಬರುವಾಗಲೇ ನಾಲ್ಕು ಬಾಗಿಲಿನ ರಬ್ಬರ್, ಗಾಜಿನ ಪಟ್ಟಿ ಮತ್ತು ಒಳಪಟ್ಟಿಯ ಕ್ಲಿಪ್‌ಗಳನ್ನು ಹೊಸದಾಗಿ ತರಿಸಿಟ್ಟುಕೊಳ್ಳಿ. ಇಷ್ಟು ವರ್ಷದ ಕ್ಲಿಪ್‌ಗಳು ಬಿಚ್ಚುವಾಗ ಅರ್ಧಕ್ಕರ್ಧ ಮುರಿಯುತ್ತವೆ, ಬಣ್ಣ ಮುಗಿದ ಕಾರು ಐವತ್ತು ರೂಪಾಯಿಯ ಕ್ಲಿಪ್ಪಿಗಾಗಿ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಲ್ಲಬೇಕಾಗುತ್ತದೆ.